ಆಟದ ಇಂಜಿನ್ನೂ ಸಿದ್ದಾಚಾರಿಯ ಮಣೆಯೂ

ಮೋಟರಿನ ಸುಟ್ಟ ಕಾಯಿಲ್ಲಿನ ವಾಸನೆ ನಿಮಗೆ ಪರಿಚಯವೋ ಇಲ್ಲವೋ ಕಾಣೆ. ಪಂಪ್‌ಸೆಟ್ಟು ಇರುವ ಮನೆಯವರಿಗೆ ವಿವರಿಸಬೇಕಾಗಿಲ್ಲ. ಉಳಿದವರು, ಬೆಲ್ಲದ ಪಾಕ ತಳ ಹಿಡಿಯುತ್ತಿರುವಾಗ ಒಲೆಗೆ ಒಂದು ಹವಾಯಿ ಚಪ್ಪಲಿಯೂ ಬಿದ್ದಿತೆಂದು ಭಾವಿಸಿಕೊಳ್ಳಿ. ಇವತ್ತು ಬೆಳಿಗ್ಗೆ ಪಾಂಡವಪುರದ ನನ್ನ ಅಂಗಡಿಯಲ್ಲಿ ಏಳೂವರೆ ಹೆಚ್‌ಪಿ ಮೋಟರೊಂದರ ಮುಚ್ಚಳ ಬಿಚ್ಚಿದೆ, ಅದೇ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಮೂವತ್ತು ವರ್ಷದಿಂದ ಈ ವಾಸನೆಯಲ್ಲೇ ಸಂಸಾರ ಸಾಕಿದವನಿಗೆ ಅದು ಊದುಬತ್ತಿಗೆ ಸಮ. ಆದರೆ ಈಚೆಗೆ ಅದು ಬಂದಾಗಲೆಲ್ಲ ನನಗೆ ನೆನಪಾಗುವುದು ಪಂಪ್‌ಸೆಟ್ಟಲ್ಲ. ಅಂಗೈ ಮೇಲೆ ನಿಲ್ಲುವಂಥ ಒಂದು ರೈಲು ಇಂಜಿನ್ನು, ಮತ್ತು ನಾನು ಹೇಳಿದ ಮೂರೇ ಪದಗಳ ಒಂದು ಸುಳ್ಳು.

ನಾನು ಮೋಟರ್ ರಿವೈಂಡಿಂಗ್ ಮಾಡುವವನು. ಅಂದರೆ ಸುಟ್ಟ ಮೋಟರಿನ ತಂತಿ ಕಿತ್ತು ಹೊಸ ತಂತಿ ಸುತ್ತುವವನು. ಇಷ್ಟು ಹೇಳಿದರೆ ನಿಮಗೆ ನನ್ನ ಘನತೆ ಗೊತ್ತಾಗಲಿಕ್ಕಿಲ್ಲ. ಡಾಕ್ಟರ ಮಾತು ನಂಬದೆ ಇನ್ನೊಬ್ಬ ಡಾಕ್ಟರ ಬಳಿಗೆ ಹೋಗುವ ನಮ್ಮ ರೈತ, ಜೋಯಿಸರ ಮಾತು ನಂಬದೆ ಇನ್ನೊಬ್ಬ ಜೋಯಿಸರಿಗೆ ಜಾತಕ ತೋರಿಸುವ ನಮ್ಮ ರೈತ, ನನ್ನ ಮಾತನ್ನು ಮಾತ್ರ ವೇದವಾಕ್ಯವೆಂದು ನಂಬುತ್ತಾನೆ. ನಾನು “ಕಾಯಿಲ್ ಸುಟ್ಟೋಗದೆ” ಎಂದರೆ ಮುಗಿಯಿತು, ಸುಟ್ಟಿದೆ. ಯಾಕೆ ಸುಟ್ಟಿತು ಎಂದು ಕೇಳುವಷ್ಟು ಧೈರ್ಯವಂತನಿಗೆ ನನ್ನ ಹತ್ತಿರ ಸಿದ್ಧ ಉತ್ತರವಿದೆ: “ವೋಲ್ಟೇಜು.” ವೋಲ್ಟೇಜು ನಮ್ಮ ಕಸುಬಿನ ಮನೆದೇವರು. ಯಾರ ತಪ್ಪನ್ನಾದರೂ ತನ್ನ ತಲೆಗೆ ಕಟ್ಟಿಕೊಳ್ಳುವ ಕರುಣಾಳು. ನನ್ನ ಸ್ಕ್ರೂಡ್ರೈವರು ಜಾರಿ ತಂತಿ ತರಚಿದರೂ ವೋಲ್ಟೇಜು, ಬೇರಿಂಗಿಗೆ ಗ್ರೀಸು ಹಾಕಲು ನಾನು ಮರೆತರೂ ವೋಲ್ಟೇಜು. ಅಲ್ಲದೆ ಮೋಟರು ಬಿಚ್ಚುವಾಗ ಗಿರಾಕಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳುವ ಕೆಟ್ಟ ಚಾಳಿ ನಮ್ಮಲ್ಲಿಲ್ಲ. “ಬುಟ್ಟೋಗಣ್ಣ, ನಾಳಿದ್ದು ಬಾ” ಎನ್ನುತ್ತೇವೆ. ನಾಳಿದ್ದರವರೆಗೆ ಒಳಗೆ ಏನು ನಡೆಯಿತೆಂಬುದು ನನಗೂ ಆ ಮನೆದೇವರಿಗೂ ಬಿಟ್ಟ ವಿಷಯ.

ಇಂಥ ಘನವಂತನ ಅಂಗಡಿಗೆ ಕೆಲವು ವರ್ಷಗಳ ಹಿಂದೆ ಚಿನಕುರಳಿಯ ರತ್ನಮ್ಮ ಬಂದರು. ನಾಲ್ಕು ಹಸು ಕಟ್ಟಿ ಡೇರಿಗೆ ಹಾಲು ಹಾಕುವ, ನನಗಿಂತ ಐದಾರು ವರ್ಷ ದೊಡ್ಡವರಾದ ಹೆಂಗಸು. ಅವರ ಮನೆಯ ಮೇವು ಕತ್ತರಿಸುವ ಮಿಷನ್ನಿನ ಮೋಟರು ಸುತ್ತಿಕೊಟ್ಟವನು ನಾನೇ. ಆ ಮಿಷನ್ನು ಆಮೇಲೆ ತೊಂದರೆ ಕೊಟ್ಟಿರಲಿಲ್ಲ. ಅದು ನನ್ನ ಜಾಣತನದಿಂದಲೋ ಮಿಷನ್ನಿನ ಒಳ್ಳೆಯತನದಿಂದಲೋ ಎಂದು ನಾನು ವಿಚಾರಿಸಲು ಹೋಗಿಲ್ಲ. ಆ ನಂಬಿಕೆಯ ಮೇಲೆ ಅವರು ಒಂದು ಟವೆಲ್ಲಿನ ಗಂಟನ್ನು, ಬಾಣಂತಿ ಕೂಸನ್ನು ಇಳಿಸುವ ಹಾಗೆ ನನ್ನ ಮೇಜಿನ ಮೇಲೆ ಇಳಿಸಿದರು.

“ಒಸಿ ಇದ್ನ ನೋಡಪ್ಪ. ನಮ್ಮಪ್ಪುಂದು,” ಎಂದರು.

ಬಿಚ್ಚಿ ನೋಡಿದರೆ ಕಪ್ಪು ಬಣ್ಣದ ಆಟದ ರೈಲು ಇಂಜಿನ್ನು. ಆಟದ್ದು ಎಂದೆನೇ ಹೊರತು ಅದರ ಗತ್ತು ಆಟದ್ದಾಗಿರಲಿಲ್ಲ. ಗುಂಡುಕಲ್ಲಿನಂಥ ಭಾರ, ಸಾಲಾಗಿ ಚಕ್ರಗಳು, ಚಕ್ರದಿಂದ ಚಕ್ರಕ್ಕೆ ಸಣ್ಣ ಸಣ್ಣ ಸರಳು, ಮುಂದೆ ಹೊಗೆಗೂಡು. ಪಾಂಡವಪುರದ ಸ್ಟೇಷನ್ನಿನಲ್ಲಿ ದಿನಾ ನಿಜವಾದ ರೈಲುಗಳು ಹಾದುಹೋಗುತ್ತವೆ. ಅವುಗಳಲ್ಲಿ ಒಂದನ್ನೂ ನಾನು ತಲೆಯೆತ್ತಿ ನೋಡಿದವನಲ್ಲ. ಇದನ್ನು ಮಾತ್ರ ಬಾಯಿ ಬಿಟ್ಟುಕೊಂಡು ನೋಡಿದೆ.

ರತ್ನಮ್ಮನವರ ತಂದೆ ಕೆ.ಆರ್. ಪೇಟೆ ಹತ್ತಿರದ ಮಾಕವಳ್ಳಿ ಕಡೆಯವರು, ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದರು. ಹೊರದೇಶದ ಎಂಜಿನಿಯರೊಬ್ಬ ಊರಿಗೆ ಹಿಂದಿರುಗುವಾಗ ತನ್ನ ಮಕ್ಕಳ ಈ ರೈಲನ್ನು ಪೆಟ್ಟಿಗೆ ಸಮೇತ ಅವರಿಗೆ ಕೊಟ್ಟುಹೋಗಿದ್ದನಂತೆ. ಭಾನುವಾರ ಜಗಲಿಯ ಮೇಲೆ ಕಂಬಿ ಜೋಡಿಸಿ ಅದನ್ನು ಓಡಿಸುತ್ತಿದ್ದರಂತೆ, ಬೀದಿಯೇ ಬಂದು ನಿಲ್ಲುತ್ತಿತ್ತಂತೆ. ಕಂಬಿ, ಬೋಗಿ, ಕರೆಂಟು ಇಳಿಸಿಕೊಡುವ ಪೆಟ್ಟಿಗೆ ಎಲ್ಲವೂ ಕಾಲಕ್ರಮದಲ್ಲಿ ಕಾಲವಾಗಿ ಇಂಜಿನ್ನು ಒಂದೇ ಉಳಿದಿತ್ತು. ತಂದೆ ತೀರಿಕೊಂಡ ಮೇಲೆ ಜಮೀನು, ಮನೆ ತಮ್ಮ ನಂಜೇಗೌಡನಿಗೆ ಎಂದು ರತ್ನಮ್ಮ ಮರುಮಾತಿಲ್ಲದೆ ಸೈನು ಹಾಕಿಕೊಟ್ಟಿದ್ದರು. ಅಪ್ಪನ ಮನೆಯಿಂದ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ತಮ್ಮನೂ ಟವೆಲ್ಲಿನಲ್ಲಿ ಸುತ್ತಿ ಕೊಟ್ಟಿದ್ದ.

“ಓಡ್ತದೆ ಕಣಕ್ಕ, ಗೇರು ಒಸಿ ಜಾರ್ತದೆ ಅಷ್ಟೇಯ, ಅಂದ ನಮ್ ನಂಜ. ಗೇರು ಸರಿಮಾಡಿ ಕೊಡಪ್ಪ,” ಎಂದರು ರತ್ನಮ್ಮ.

“ಬುಟ್ಟೋಗಕ್ಕ, ನಾಳಿದ್ದು ಬಾ,” ಎಂದೆ.

ನಮ್ಮ ಅಂಗಡಿಗೆ ಬಂದ ಯಾವ ಮೋಟರಿಗಾದರೂ ಮೊದಲು ಸಲ್ಲುವ ಸೇವೆ ಸೀರೀಸ್ ಬಲ್ಬಿನದು. ಗೋಡೆಯ ಕರೆಂಟನ್ನು ಒಂದು ಬಲ್ಬಿನ ಮೂಲಕ ಹಾಯಿಸಿ ಮೋಟರಿಗೆ ಮುಟ್ಟಿಸುವುದು. ಬಲ್ಬು ಹೇಗೆ ಉರಿಯಿತೆಂಬುದರ ಮೇಲೆ ಮೋಟರಿನ ಆರೋಗ್ಯ ಹೇಳುವುದು. ಬೋರ್‌ವೆಲ್ಲಿನಿಂದ ಎತ್ತಿದ ರಾಕ್ಷಸ ಮೋಟರುಗಳೆಲ್ಲ ಈ ಸೇವೆ ಸ್ವೀಕರಿಸಿವೆ. ಇಂಜಿನ್ನಿಗೂ ಸ್ವೀಕರಿಸಲು ಏನು ಧಾಡಿ? ಎರಡು ತಂತಿ ಮುಟ್ಟಿಸಿದೆ. ಗುಂಯ್ ಎಂದು ನಡುಗಿತೇ ಹೊರತು ಚಕ್ರ ತಿರುಗಲಿಲ್ಲ. ಪಾಪ, ಬಹಳ ವರ್ಷದ ಹಸಿವಿರಬೇಕೆಂದು ಚಿಕ್ಕ ಬಲ್ಬು ತೆಗೆದು, ಹೆಚ್ಚು ಕರೆಂಟು ಬಿಡುವ ದೊಡ್ಡ ಬಲ್ಬು ಹಾಕಿದೆ. ಆಗ ಹೊಗೆಗೂಡಿನಿಂದ ಒಂದು ಎಳೆ ಹೊಗೆ ಮೇಲೆದ್ದಿತು. ದೇವರಾಣೆಗೂ ನಾನು ಸಂತೋಷಪಟ್ಟೆ. ಹೊರದೇಶದವರು ಹೊಗೆ ಕೂಡ ಬರುವ ಹಾಗೆ ಮಾಡಿದ್ದಾರಲ್ಲ, ಎಂಥ ಬುದ್ಧಿವಂತರು ಎಂದುಕೊಂಡೆ. ವಾಸನೆ ಬಂದ ಮೇಲೆ ಬುದ್ಧಿವಂತ ಯಾರೆಂದು ತಿಳಿಯಿತು.

ನಾಳಿದ್ದು ರತ್ನಮ್ಮ ಬಂದರು. ನಾನು ತಲೆ ಕೆರೆದುಕೊಳ್ಳಲಿಲ್ಲ, ತಡವರಿಸಲೂ ಇಲ್ಲ. ಮೂವತ್ತು ವರ್ಷದ ಅಭ್ಯಾಸ ಎಂದರೆ ಸಾಮಾನ್ಯವೇ? “ಮೊದ್ಲೇ ಸುಟ್ಟೋಗಿತ್ತು ಕಣಕ್ಕ,” ಎಂದೆ.

ಯಾವ ರೈತನಾದರೂ ಈ ಮಾತಿಗೆ ವೋಲ್ಟೇಜನ್ನು ಬೈದು ಸುಮ್ಮನಾಗುತ್ತಾನೆ. ರತ್ನಮ್ಮ ಬೈಯಲು ಅಲ್ಲಿ ವೋಲ್ಟೇಜು ಇರಲಿಲ್ಲ, ತಮ್ಮನಿದ್ದ. ಅವರು ಇಂಜಿನ್ನನ್ನೇ ನೋಡುತ್ತ ನಿಂತರು.

“ಅಂಗಾರೆ ನಂಜ ನಂಗೆ ಸುಳ್ಳು ಏಳವ್ನೆ,” ಎಂದರು. “ಇದು ನಿನ್ತಾವೇ ಇರ್ಲಪ್ಪ. ನನ್ ಕಣ್ಮುಂದೆ ಬ್ಯಾಡ.”

ಅಲ್ಲಿಯೇ ತಿದ್ದಬಹುದಾಗಿತ್ತು. “ಅಕ್ಕ, ನಿಂತ್ಕೊಳ್ಳಿ” ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಘನತೆ ಎನ್ನುವುದು ಬಾಯಿಗೆ ಹಾಕಿಕೊಂಡ ಬಿಸಿ ಮುದ್ದೆಯ ಹಾಗೆ. ಉಗುಳಲು ನಾಚಿಕೆ, ನುಂಗಲು ಕಷ್ಟ. ನಾನು ನುಂಗಿದೆ. ಇಂಜಿನ್ನು ಅಟ್ಟಣಿಗೆಯ ಮೇಲೆ ಹಳೆಯ ಬೇರಿಂಗುಗಳ ಪಕ್ಕ ಕುಳಿತಿತು.

ಆರೇಳು ತಿಂಗಳ ಮೇಲೆ ರತ್ನಮ್ಮ ಮೇವಿನ ಮಿಷನ್ನಿನ ವಿಷಯಕ್ಕೆ ಮತ್ತೆ ಬಂದರು. ನಂಜೇಗೌಡನ ಮಗಳ ಮದುವೆಯಾಗಿದೆಯೆಂದು ನನಗೆ ಯಾರೋ ಹೇಳಿದ್ದರು. ಗಿರಾಕಿಯ ಮನೆಯ ಮದುವೆ ವಿಚಾರಿಸುವುದು ವ್ಯಾಪಾರದ ಮರ್ಯಾದೆ.

“ಮದ್ವೆ ಚೆನ್ನಾಗಾಯ್ತಾ ಅಕ್ಕ?” ಎಂದೆ.

“ನಾ ಓಗ್ನಿಲ್ಲ ಕಣಪ್ಪ.”

“ಸೋದರತ್ತೆ ನೀವೇ ಓಗ್ನಿಲ್ಲ ಅಂದ್ರೆ?”

“ಅಪ್ಪನ ಮನೆಯಿಂದ ಕೇಳಿದ್ದು ಒಂದೇ ಒಂದು. ಅದ್ನೂ ಸುಟ್ಟು, ಓಡ್ತದೆ ಅಂತ ಸುಳ್ಳೇಳಿ ಕೊಟ್ಟೋನ ಮನೆ ವಸ್ಲು ಯಾಕ್ ತುಳೀಲಿ? ಕರೆಯಾಕೆ ಬಂದಿದ್ದ. ಬಾಗ್ಲಲ್ಲೇ ನಿಲ್ಸಿ ಕಳಿಸ್ದೆ. ಆ ಮಗೀನ ಎತ್ತಾಡ್ಸಿದ್ದು ನಾನು. ಆರ್ತಿ ಎತ್ತೋಕೆ ಪಕ್ಕದ ಮನೆಯವಳ್ನ ಕರ್ದ್ರಂತೆ.”

ನನಗೆ ನಾಚಿಕೆಯಾಯಿತು. ಅಲಂಕಾರಕ್ಕೆ ಹೇಳುತ್ತಿಲ್ಲ. ಕಿವಿಯವರೆಗೆ ಬಿಸಿಯಾಗುವ ನಾಚಿಕೆ. ನನ್ನ ಮೂರು ಪದ ಹೋಗಿ ಒಂದು ಮದುವೆಯ ಚಪ್ಪರದಲ್ಲಿ ಕುಳಿತಿತ್ತು.

ಆದರೂ ಕೂಡಲೇ ನಿಜ ಹೇಳಿದೆನೆಂದು ನೀವು ತಿಳಿದರೆ ನನ್ನನ್ನು ತೀರಾ ಮೇಲೇರಿಸಿದ ಹಾಗೆ. ಇಂಜಿನ್ನನ್ನು ಸದ್ದಿಲ್ಲದೆ ಸರಿಮಾಡಿ ಓಡುವ ಹಾಗೆ ಕೊಟ್ಟುಬಿಟ್ಟರೆ ಅಕ್ಕ ತಮ್ಮ ತಾವಾಗಿಯೇ ಒಂದಾಗುತ್ತಾರೆ, ಓಡುವ ಇಂಜಿನ್ನನ್ನು ಯಾರು ಸುಟ್ಟರೆಂದು ಯಾರೂ ಕೇಳುವುದಿಲ್ಲ ಎಂದು ಲೆಕ್ಕ ಹಾಕಿದೆ. ಹೇಡಿಗಳು ದುಡಿಯುವಷ್ಟು ಶ್ರದ್ಧೆಯಿಂದ ಯಾರೂ ದುಡಿಯುವುದಿಲ್ಲ. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಆ ಮೋಟರಿನ ಸುಟ್ಟ ತಂತಿಯನ್ನು ಚಿಮಟದಲ್ಲಿ ಎಳೆ ಎಳೆಯಾಗಿ ಕಿತ್ತೆ. ಕೂದಲಿನಂಥ ಹೊಸ ತಂತಿ ತರಿಸಿ ಸುತ್ತಿದೆ. ಕಡ್ಡಿಯಂಥ ದಪ್ಪ ತಂತಿಗೆ ಒಗ್ಗಿದ ಈ ಕೈಯಲ್ಲಿ ಅದು ಪಟ್ ಪಟ್ ಎಂದು ಹರಿಯಿತು. ಏಳನೆಯ ಸಲಕ್ಕೆ ನಿಂತಿತು. ಗೋಡೆಯ ಕರೆಂಟು ಹಾಯಿಸಿದ್ದಕ್ಕೆ ಒಳಗಿನ ಅಯಸ್ಕಾಂತವೂ ಶಕ್ತಿ ಕಳೆದುಕೊಂಡಿತ್ತು. ಮಗಳ ಕೆಟ್ಟ ಹೆಡ್‌ಫೋನು ಒಡೆದು ಅದರ ಅಯಸ್ಕಾಂತ ಕೂರಿಸಿದೆ.

ಉಳಿದದ್ದು ರತ್ನಮ್ಮ ಮೊದಲ ದಿನ ಕೇಳಿದ್ದ ಗೇರು. ಬಿಚ್ಚಿದರೆ ಅದು ಹಳೆಯ ಎರಕದ್ದು, ವಯಸ್ಸಾಗಿ ಬಿರುಕು ಬಿಟ್ಟು ಚಕ್ಕುಲಿಯ ಹಾಗೆ ಕೈಯಲ್ಲೇ ಮುರಿಯಿತು. ಪಾಂಡವಪುರದಲ್ಲಿ ಕಬ್ಬಿಣ ಕಡೆಯುವ ಲೇತಿನವನು “ಇದ್ಕೆ ಕನ್ನಡಕ ಬೇಕು, ಲೇತಲ್ಲ” ಎಂದ. ಶ್ರೀರಂಗಪಟ್ಟಣದ ಗಡಿಯಾರದ ಸಾಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, “ಇದು ನಮ್ದು ಕೆಲ್ಸ ಅಲ್ಲ ಭಾಯ್. ನಾಗಮಂಗಲದಾಗೆ ಸಿದ್ದಾಚಾರಿ ಅವ್ರೆ, ಓಲೆ ತಿರುಪು ಮಾಡೋರು. ಅವ್ರತ್ರ ಹೋಗಿ,” ಎಂದರು.

ಸಿದ್ದಾಚಾರಿ ಅಕ್ಕಸಾಲಿಗರು. ಎಪ್ಪತ್ತು ದಾಟಿದ ವಯಸ್ಸು, ಬೆಣ್ಣೆಯಂಥ ಬೆರಳು, ಬೇವಿನಂಥ ನಾಲಿಗೆ. ಎಲ್ಲರೂ ಗಾಜಿನ ಬಾಗಿಲಿನ ಅಂಗಡಿಗಳಲ್ಲಿ ರೆಡಿಮೇಡ್ ಒಡವೆ ಕೊಳ್ಳುವ ಕಾಲ. ಅವರ ಪಾಲಿಗೆ ಉಳಿದದ್ದು ಕಳೆದುಹೋದ ಓಲೆ ತಿರುಪು, ಮುರಿದ ಮೂಗುಬೊಟ್ಟು. ಅವರ ಮುಂದೆ ಉಪಕರಣಗಳ ಹಲಗೆ, ಹಲಗೆಯ ಆಚೆ ಒಂದು ಮಣೆ. ಇಂಜಿನ್ನನ್ನು ತಿರುಗಿಸಿ ಮುರುಗಿಸಿ ನೋಡಿದರು.

“ತಂತಿ ಒಸದು. ಅಳೇದು ಏನಾಯ್ತು?”

“ಸುಟ್ಟೋಗಿತ್ತು ಆಚಾರ್ರೇ.”

“ತಾನಾಗೇ?”

“ವೋಲ್ಟೇಜು,” ಎಂದೆ. ನಾಲಿಗೆ ತಾನಾಗಿ ಹೊರಳಿತು.

ಅವರು ಭೂತಗನ್ನಡಿಯನ್ನು ಇಂಜಿನ್ನಿನ ಹೊಟ್ಟೆಯ ಮೇಲೆ ಹಿಡಿದರು. “ಇಲ್ಲಿ ಹನ್ನೆರಡು ಅಂತ ಕೆತ್ತವ್ರೆ. ನೀನು ಎಷ್ಟು ಕೊಟ್ಟೆ?”

ನಾನು ಇಷ್ಟು ದಿನ ಆ ಇಂಜಿನ್ನನ್ನು ಅಂಗಾತ ಮಲಗಿಸಿ ದುಡಿದವನು, ಅಲ್ಲಿ ಬರೆದದ್ದನ್ನು ಓದಿರಲಿಲ್ಲ. ಗೋಡೆಯ ಕರೆಂಟು ಎಷ್ಟೆಂದು ನಿಮಗೂ ಗೊತ್ತು. “ಇನ್ನೂರ ಮೂವತ್ತು,” ಎಂದೆ.

ಸಿದ್ದಾಚಾರಿ ನಗಲಿಲ್ಲ. “ಅಕ್ಕಸಾಲಿ ಅಕ್ಕನ ಚಿನ್ನಾನೂ ಬುಡಾಕಿಲ್ಲ ಅಂತ ನಮ್ ಮ್ಯಾಲೆ ಗಾದೆ ಕಟ್ಟವ್ರೆ. ನಿಮ್ ಕಸುಬ್ಗೆ ಗಾದೆ ಕಟ್ಟೋನು ಇನ್ನೂ ಉಟ್ಟಿಲ್ಲ ನೋಡು, ಪುಣ್ಯವಂತ್ರು,” ಎಂದರು. ಆಮೇಲೆ ಕೇಳಿದರು: “ಇದು ನಿಂದಾ?”

“ಅಲ್ಲ. ಚಿನಕುರಳಿ ಅಕ್ಕೋರೊಬ್ರುದು.”

“ಅಂಗಾರೆ ಅವರ್ನ ಕರ್ಕಂಬಾ. ಒಡವೆ ಒಡೇರು ಎದುರ್ಗೆ ಕುಂತಿದ್ರೇನೆ ನನ್ ಕೈ ಆಡೋದು.”

ಈ ಪದ್ಧತಿ ನಿಮ್ಮ ಅಜ್ಜಿಗೆ ಗೊತ್ತಿದ್ದೀತು. ಹಿಂದೆ ಚಿನ್ನದ ಕೆಲಸಕ್ಕೆ ಕೊಟ್ಟವರು ಕೆಲಸ ಮುಗಿಯುವವರೆಗೂ ಅಕ್ಕಸಾಲಿಯ ಎದುರೇ ಕೂರುತ್ತಿದ್ದರು, ಬುತ್ತಿ ಕಟ್ಟಿಕೊಂಡು ಬಂದಾದರೂ. ಗುಲಗಂಜಿ ತೂಕದ ಚಿನ್ನವನ್ನೂ ಅವನು ಮುಚ್ಚಿಡಬಾರದಲ್ಲ! ಎದುರಿಗಿದ್ದವನನ್ನು ಕಳ್ಳನೆಂದುಕೊಂಡೇ ಅವನೊಡನೆ ದಿನವಿಡೀ ಕಷ್ಟಸುಖ ಮಾತಾಡುವ ನಮ್ಮ ಜನರ ಸೌಜನ್ಯ ದೊಡ್ಡದು. ಈಗ ಯಾರೂ ಕೂರುವುದಿಲ್ಲ. ಸಿದ್ದಾಚಾರಿ ಮಾತ್ರ ಆ ಅವಮಾನವನ್ನೇ ತಮ್ಮ ಕಸುಬಿನ ನೇಮ ಮಾಡಿಕೊಂಡಿದ್ದರು. ಮಣೆ ಖಾಲಿಯಿದ್ದರೆ ಅರ ಮುಟ್ಟುತ್ತಿರಲಿಲ್ಲ.

“ಆಚಾರ್ರೇ, ಇದೇನ್ ಚಿನ್ನವಾ?” ಎಂದೆ.

“ಚಿನ್ನ ಅಲ್ಲ ಅಂತಾನೇ ಅಲ್ವೇನ್ಲಾ ನೀ ಸುಟ್ಟಿದ್ದು?”

“ಅವ್ರಿಗೆ ನೀವೇನಾದ್ರೂ ಏಳ್ಬುಟ್ರೆ?”

“ನಾನ್ಯಾಕ್ ಏಳ್ಲಿ? ನನ್ ಕೆಲ್ಸ ಗೇರು.”

ಮುಂದಿನ ವಾರ, ಇಂಜಿನ್ನು ಸರಿಯಾಗುತ್ತದೆಂದು ಒಪ್ಪಿಸಿ, ರತ್ನಮ್ಮನವರನ್ನು ಬಸ್ಸಿನಲ್ಲಿ ನಾಗಮಂಗಲಕ್ಕೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ನನ್ನನ್ನು ಹೊಗಳಿದರು. ಒಡಹುಟ್ಟಿದವನು ಕೆಡಿಸಿದ್ದನ್ನು ಯಾರೋ ಹೊರಗಿನವನು ಮೈಮುರಿದು ಸರಿಮಾಡಿಸುತ್ತಿದ್ದಾನಲ್ಲ, ಇಂಥವರಿರುವುದಕ್ಕೇ ಕಾಲಕಾಲಕ್ಕೆ ಮಳೆ ಆಗುವುದು ಎಂದು ಪಕ್ಕದ ಸೀಟಿನವರಿಗೂ ಹೇಳಿದರು. ಬಸ್ಸು ಕೆಟ್ಟು ನಿಲ್ಲಲೆಂದು ನಾನು ಬೇಡಿಕೊಂಡೆ. ಅವತ್ತು ಅದು ಹೊತ್ತಿಗೆ ಸರಿಯಾಗಿ ತಲುಪಿತು.

ರತ್ನಮ್ಮ ಮಣೆಯ ಮೇಲೆ ಕುಳಿತರು. ನಾನು ಬಾಗಿಲ ಪಕ್ಕ ನಿಂತೆ. ಸಿದ್ದಾಚಾರಿ ಹಿತ್ತಾಳೆಯ ಬಿಲ್ಲೆಯ ಮೇಲೆ ಮುರಿದ ಗೇರಿನ ಹಲ್ಲುಗಳನ್ನು ಎಣಿಸಿ ಗುರುತು ಮಾಡಿಕೊಂಡು, ದಾರದಂಥ ಗರಗಸದಲ್ಲಿ ಒಂದೊಂದಾಗಿ ಕೊಯ್ಯತೊಡಗಿದರು. ಒಂದು ಹಲ್ಲು ಕೊಯ್ಯುವುದು, ಅರದಲ್ಲಿ ಉಜ್ಜುವುದು, ಇಂಜಿನ್ನಿನ ತಿರುಪಿಗೆ ಹಿಡಿದು ನೋಡುವುದು, ಮತ್ತೆ ಉಜ್ಜುವುದು. ನಡುನಡುವೆ ಒಂದೊಂದು ಪ್ರಶ್ನೆ. ಅಪ್ಪ ಹೇಗಿದ್ದರು, ರೈಲು ಎಲ್ಲಿ ಓಡಿಸುತ್ತಿದ್ದರು.

“ಜಗ್ಲಿ ಮ್ಯಾಲೆ,” ಎಂದರು ರತ್ನಮ್ಮ. “ಇದ್ಕೆ ಸೀಟಿ ಇರ್ನಿಲ್ಲ. ನಮ್ ನಂಜ ಬೋರ್ಲು ಮಲ್ಗಿ, ಇದ್ರ ಇಂದಿಂದೇ ತೆವಳ್ಕಂಡು, ಬಾಯಲ್ಲಿ ಕೂ ಅಂತಿದ್ದ. ಮೊಣಕೈಯೆಲ್ಲ ತರ್ಚೋಗದು. ನಾನು ಎಣ್ಣೆ ಅಚ್ತಿದ್ದೆ. ಅಂಥೋನು ಯಾಕಿಂಗ್ ಮಾಡ್ದ ಅಂತ ಈವತ್ಗೂ ಗೊತ್ತಾಯ್ತಿಲ್ಲ ಆಚಾರ್ರೇ. ಕೆಟ್ಟದೆ ಅಂತ ಏಳಿದ್ರೆ ನಾನೇನ್ ಒಡೀತಿದ್ನಾ?”

ಸಿದ್ದಾಚಾರಿ ತಲೆ ಎತ್ತಲಿಲ್ಲ. ಅರ ಮಾತ್ರ ಕಿರ್ ಕಿರ್ ಎನ್ನುತ್ತಿತ್ತು. ಆ ಸದ್ದನ್ನು ಕೇಳಿಕೊಂಡು ಬಾಯಿ ಮುಚ್ಚಿಕೊಂಡು ನಿಲ್ಲುವುದು ನನ್ನಿಂದ ಆಗಲಿಲ್ಲ.

“ಅವ್ರು ಮಾಡ್ನಿಲ್ಲ ಕಣಕ್ಕ,” ಎಂದೆ. “ಸುಟ್ಟಿದ್ದು ನಾನು. ಚೆನ್ನಾಗಿದ್ದ ಮೋಟ್ರಿಗೆ ಗ್ವಾಡೆ ಕರೆಂಟ್ ಕೊಟ್ಟೆ. ಮೊದ್ಲೇ ಸುಟ್ಟಿತ್ತು ಅಂತ ನಿಮ್ಗೆ ಸುಳ್ಳೇಳ್ದೆ.”

ಬೈಗುಳಕ್ಕೆ ನಾನು ತಯಾರಾಗಿದ್ದೆ. ಅದು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ರತ್ನಮ್ಮ ನನ್ನ ಕಡೆ ನೋಡಲೂ ಇಲ್ಲ.

“ಮಿಷನ್ ಸುತ್ಕೊಡೋನ ಮಾತು ನಂಬ್ದೆ,” ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. “ಒಂದೇ ತಟ್ಟೇಲಿ ಉಂಡೋನ ಮಾತು ನಂಬ್ನಿಲ್ಲ.”

ಎದ್ದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಫೋನು ಹಿಡಿದು ಬೀದಿಗೆ ಹೋದರು. ಸಿದ್ದಾಚಾರಿ ಗರಗಸ ಕೆಳಗಿಟ್ಟರು.

“ಇನ್ನೊಂದೇ ಅಲ್ಲು ಬಾಕಿ ಅದಲ್ಲ ಆಚಾರ್ರೇ,” ಎಂದೆ. ಏನಾದರೂ ಮಾತಾಡಬೇಕಿತ್ತು.

“ಮಣೆ ಖಾಲಿ ಅದೆ,” ಎಂದರು.

ಬೀದಿಯ ಆಚೆ ಕರೆಂಟು ಕಂಬದ ಪಕ್ಕ ರತ್ನಮ್ಮ ನಮಗೆ ಬೆನ್ನು ಮಾಡಿ ನಿಂತಿದ್ದರು. ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಕೈ ಜೋರಾಗಿ ಬೀಸಿದರು, ಒಮ್ಮೆ ಬಹಳ ಹೊತ್ತು ಸುಮ್ಮನೆ ಫೋನು ಕಿವಿಗೆ ಒತ್ತಿಕೊಂಡಿದ್ದರು. ಆಟೋ ಬಂದರೂ ಸರಿಯಲಿಲ್ಲ, ಆಟೋದವನೇ ಬಳಸಿಕೊಂಡು ಹೋದ. ಕೊನೆಗೆ ಒಳಗೆ ಬಂದು ಮಣೆಯ ಮೇಲೆ ಕುಳಿತರು.

“ಬತ್ತಾವ್ನೆ. ಅವ್ನ್ ಬರೋಗಂಟ ಮುಟ್ಬ್ಯಾಡಿ ಆಚಾರ್ರೇ. ಅವ್ನೂ ಕುಂತ್ಕೊಳ್ಲಿ.”

ಸಿದ್ದಾಚಾರಿ ನನ್ನ ಕಡೆ ತಿರುಗಿದರು. “ಒಳ್ಗೆ ಇನ್ನೊಂದ್ ಮಣೆ ಅದೆ, ತಂದಾಕ್ಲಾ. ಅಷ್ಟಾದ್ರೂ ಮಾಡು.”

ಕೆ.ಆರ್. ಪೇಟೆ ಕಡೆಯಿಂದ ನಂಜೇಗೌಡ ಬೈಕಿನಲ್ಲಿ ಬರುವ ಹೊತ್ತಿಗೆ ಮಧ್ಯಾಹ್ನ ಮುಗಿದಿತ್ತು. ಆ ದಪ್ಪ ಆಳು ಆ ಚಿಕ್ಕ ಮಣೆಯ ಮೇಲೆ ಅಕ್ಕನ ಪಕ್ಕ ಮೊಣಕಾಲು ಮಡಚಿ ಕುಳಿತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನನ್ನನ್ನು ಮಾತ್ರ ಅವನು ತಲೆಯಿಂದ ಕಾಲಿನವರೆಗೆ ನೋಡಿ “ನೀನೇನಾ?” ಎಂದ. “ಊಂ,” ಎಂದೆ. “ಆಯ್ತು ಮಾಡಿ ಆಚಾರ್ರೇ,” ಎಂದ. ಕೊನೆಯ ಹಲ್ಲು ಕೊಯ್ದು, ಗೇರು ಕೂರಿಸಿ, ಅವನ ಬೈಕಿನ ಬ್ಯಾಟರಿಯಿಂದ ಎರಡು ತಂತಿ ಎಳೆದು ಮುಟ್ಟಿಸಿದೆವು. ಅದು ಹನ್ನೆರಡೇ ವೋಲ್ಟು. ಈ ಸಲ ಮೂರು ಸಾರಿ ಓದಿಕೊಂಡಿದ್ದೆ. ಚಕ್ರ ತಿರುಗಿತು. ರತ್ನಮ್ಮ ತಮ್ಮನ ಮೊಣಕೈ ಹಿಡಿದುಕೊಂಡರು. ಆಮೇಲೆ ಅಳು ಯಾರದು ಮೊದಲು ಬಂತೆಂದು ನಾನು ನೋಡಲಿಲ್ಲ, ಹೊರಗೆ ಹೋಗಿ ನಿಂತೆ.

ಈಗ ನನ್ನ ಅಂಗಡಿಯಲ್ಲೂ ಎದುರಿಗೆ ಒಂದು ಬೆಂಚಿದೆ. ಮೋಟರು ತಂದವರು ಕೂರಲೇಬೇಕು. ಇದರಿಂದ ನನ್ನ ಮರ್ಯಾದೆ ಹೆಚ್ಚಿದೆಯೆಂದು ನೀವು ಊಹಿಸಿದರೆ ನಮ್ಮ ಜನ ನಿಮಗೆ ಗೊತ್ತಿಲ್ಲ. “ಬುಟ್ಟೋಗೋ ಅಂಗಿದ್ದ ಅಂಗ್ಡೀನ ಕೋರ್ಟ್ ಮಾಡ್ಕಂಡವ್ನೆ” ಎನ್ನುತ್ತಾರೆ. ಇವತ್ತು ಬೆಳಿಗ್ಗೆ ಏಳೂವರೆ ಹೆಚ್‌ಪಿ ಮೋಟರಿನವನ ಎದುರೇ ನನ್ನ ಕೈ ಜಾರಿ ಸುತ್ತುತ್ತಿದ್ದ ಹೊಸ ತಂತಿ ತರಚಿತು. “ಇದು ನನ್ ತಪ್ಪು” ಎಂದೆ. ಅವನು ನನ್ನನ್ನು ಅನುಮಾನದಿಂದ ನೋಡಿ, “ವೋಲ್ಟೇಜ್ ಇರ್ಬೋದು ನೋಡಣ್ಣ,” ಎಂದ.

ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ಬಂದರು. ಇಂಜಿನ್ನಿಗೆ ಏನೇ ಆದರೂ ಈಗ ಇಬ್ಬರೂ ಒಟ್ಟಿಗೇ ಬರುತ್ತಾರೆ, ಎಣ್ಣೆ ಹೆಚ್ಚು ಹಚ್ಚಿದ್ದು ಯಾರೆಂದು ನನ್ನ ಬೆಂಚಿನ ಮೇಲೆ ಜಗಳವಾಡುತ್ತಾರೆ. ಮೋಟರಿಗೆ ಕರೆಂಟು ಮುಟ್ಟಿಸುವ ಒಳಗಿನ ಇದ್ದಿಲ ತುಂಡು ಸವೆದಿತ್ತು. ನಾನು ಹೊಸದನ್ನು ಉಜ್ಜಿ ಅಳತೆಗೆ ತರುತ್ತಿದ್ದೆ. ರತ್ನಮ್ಮ ಫೋನಿನಲ್ಲಿ ತಮ್ಮನ ಮಗಳ ಕೂಸಿನ ಫೋಟೋ ತೋರಿಸಿದರು. ಒಂದು, ಎರಡು, ಮೂರು. ಬೆರಳು ಸ್ವಲ್ಪ ಜಾಸ್ತಿ ಸರಿದು ಮದುವೆಯ ಫೋಟೋ ಬಂತು. ಮದುಮಗಳ ಮುಂದೆ ಆರತಿ ತಟ್ಟೆ ಹಿಡಿದ ಯಾರೋ ಹೆಂಗಸು. ನಂಜೇಗೌಡ ರಸ್ತೆಯ ಕಡೆ ನೋಡತೊಡಗಿದ.

ನನ್ನ ಕೈ ನಿಂತಿತು. “ಇಲ್ಲಿ ನೀವಿರ್ಬೇಕಿತ್ತು ಕಣಕ್ಕ,” ಎಂದೆ.

“ಇರ್ಬೇಕಿತ್ತು,” ಎಂದರು ರತ್ನಮ್ಮ. ಹೋಗಲಿ ಬಿಡು ಎನ್ನಲಿಲ್ಲ. ಫೋನು ಆರಿಸಿ ಮಡಿಲಲ್ಲಿ ಇಟ್ಟುಕೊಂಡು ನನ್ನ ಕೈಯನ್ನೇ ನೋಡಿದರು.

“ಯಾಕ್ ನಿಲ್ಲಿಸ್ಬುಟ್ಟೆ? ಮಾಡು. ನಾವ್ ಕುಂತಿದ್ದೀವಲ್ಲ.”